ಹೋಗ್ಲಿ ಬಿಡ್ರಿ ಅಂತ ಯಾರಿಗೆ ಹೇಳ್ತೀರಿ?

ಅಕ್ಕಾರ, ತಂಗ್ಯಾರ, ವೈನ್ಯಾರ, ಈ ಸಲ ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ. ಸಿಟ್ಟು ಐತಿ, ಅದನ್ನ ಬಡಸ್ತೀನಿ.

ಸಿಟ್ಟು ಬಂದದ್ದು ಎರಡು ಶಬ್ದದ ಮ್ಯಾಲೆ. "ಹೋಗ್ಲಿ ಬಿಡ್ರಿ." ನಿಲ್ಲಿಸಿದ ಗಾಡಿಗೆ ಯಾರೋ ಬಂದು ಗುದ್ದಿ, ಹೇಳದ ಕೇಳದ ಹೋಗಿಬಿಡ್ತಾರ. ಗಾಡಿ ಇದ್ದವ್ರು ಮುಂಜಾನೆ ಎದ್ದು ನೋಡಿ ಹೊಟ್ಟಿ ಉರಕೊಂಡು ನಿಂತಿರ್ತಾರ. ಆವಾಗ ಓಣಿ ಮಂದಿ, ಮನಿ ಹಿರ್ಯಾರು, ಫೋನಿನ್ಯಾಗ ತಂಗಿ, ಎಲ್ಲಾರ ಬಾಯಾಗೂ ಅದ ಮಾತು. ಗುದ್ದಿ ಹೋದವ್ರ ಮನಿಗೆ ಹೋಗಿ "ನೀವು ಅವ್ರಿಗೆ ಹೇಳಿ ಬರ್ರಿ" ಅಂದವ್ರನ್ನ ನಾನಿನ್ನೂ ನೋಡಿಲ್ಲ. ಗುದ್ದಿಸಿಕೊಂಡವ್ರಿಗೆ ಬುದ್ಧಿ ಹೇಳಾಕ ಮಾತ್ರ ನಾ ಮುಂದು ತಾ ಮುಂದು. ಇದು ಸಮಾಧಾನದ ಮಾತು ಅಂತ ನಾವು ತಿಳಕೊಂಡೀವಿ. ನನಗ ಹಂಗ ಅನಸೂದಿಲ್ಲ. ತಪ್ಪು ಮಾಡಿ ಮಕಾ ಮರಿ ಮಾಡಿದವ್ರು ಆರಾಮ ಕುಂದ್ರಲಿ ಅಂತ ನಾವ ಹಾಸಿಕೊಡೋ ಚಾಪಿ ಅದು.

"ಬರೇ ಗಾಡಿ ಅಲ್ಲಾ, ಜೀವಕ್ಕೇನೂ ಆಗಿಲ್ಲಲಾ" ಅಂತಾರ. ಜೀವಕ್ಕೇನೂ ಆಗಿಲ್ಲ, ದೇವರ ದಯಾ. ಆದ್ರ ಬರೇ ಗಾಡಿ ಅಂದ್ರ ಏನು? ನಮ್ಮದು ಮಾರುತಿ ಎಂಟುನೂರು, ಬಿಳೇದು, 2008ರದ್ದು. ಈಗಿನ ಹುಡುಗ್ರು ನೋಡಿ ನಗತಾರ, ನಗಲಿ. 1983ರ ಡಿಸೆಂಬರ್ 14ಕ್ಕ ಇಂದಿರಾ ಗಾಂಧಿಯವ್ರು ಈ ಗಾಡಿಯ ಮೊದಲನೇ ಕೀಲಿ ಕೊಟ್ಟಾಗ ನಾನು ಸಾಲ್ಯಾಗ ಇದ್ದೆ. ನಮ್ಮ ಊರಾಗ ಆಗ ಕಾರು ಅಂದ್ರ ಡಾಕ್ಟರ ಮನಿ ಮುಂದ ಒಂದು, ಅಡತಿ ಅಂಗಡಿ ಸಾಹುಕಾರ್ರ ಮನಿ ಮುಂದ ಒಂದು. ನಮ್ಮಂಥಾ ಪಗಾರದ ಮಂದಿ ಮನಿ ಮುಂದೂ ಒಂದು ಕಾರು ನಿಲ್ಲಬಹುದು ಅಂತ ತೋರಿಸಿಕೊಟ್ಟದ್ದು ಈ ಸಣ್ಣ ಗಾಡಿ. 2014ರ ಜನವರಿಯೊಳಗ ಕಂಪನಿಯವ್ರು ಅದನ್ನ ಮಾಡೂದ ಬಿಟ್ಟ್ರು. ಇನ್ನೊಂದು ತರತೀನಿ ಅಂದ್ರ ಹೊಸಾದು ಸಿಗೂದಿಲ್ಲ.

ಈ ಗಾಡ್ಯಾಗ ನಮ್ಮ ಮಾವನವ್ರನ್ನ ಮೂರು ವರ್ಷ, ವಾರಕ್ಕ ಎರಡು ಸಲ ಡಯಾಲಿಸಿಸ್‌ಗೆ ಕರಕೊಂಡು ಹೋಗೀವಿ. ನಮ್ಮನಿಯವ್ರಿಗೆ ಡ್ಯೂಟಿ ಬಿಟ್ಟು ಬರಾಕ ಆಗ್ತಿರಲಿಲ್ಲ, ಹಂಗಂತ ನಾನು 41ನೇ ವಯಸ್ಸಿನ್ಯಾಗ ಸ್ಟೇರಿಂಗ್ ಹಿಡದೆ. ಮಾವನವ್ರು ಪಕ್ಕದ ಸೀಟಿನ್ಯಾಗ ಕುಂತು, "ಸಾವಕಾಶ ಹೊಡಿಯವಾ, ನನಗೇನು ಅವಸರ ಇಲ್ಲ" ಅಂತಿದ್ರು. ಎಳ್ಳ ಅಮಾಸಿಗೆ ಹೊಲಕ್ಕ ಚರಗ ಚೆಲ್ಲಾಕ ಹೋಗುವಾಗ ಸಜ್ಜಿ ರೊಟ್ಟಿ ಬುಟ್ಟಿ, ಪುಂಡಿಪಲ್ಯದ ಡಬ್ಬಿ, ನಾಲ್ಕು ಮಂದಿ ಹೆಂಗಸರು, ಮೂರು ಹುಡುಗ್ರು, ಎಲ್ಲಾ ಇದರಾಗ. 2023ಕ್ಕ 15 ವರ್ಷ ತುಂಬಿದಾಗ ಎಲ್ಲಾರೂ ಮಾರ್ರಿ ಮಾರ್ರಿ ಅಂದ್ರು. 15 ವರ್ಷ ದಾಟಿದ ಕಾರಿನ ನೋಂದಣಿ ಮುಂದುವರಿಸೋ ಶುಲ್ಕ ಮೊದಲ 600 ರೂಪಾಯಿ ಇತ್ತು, 2022ರ ಏಪ್ರಿಲ್‌ದಿಂದ 5,000 ಆಗೇತಿ. ಕಟ್ಟಿ, ಗಾಡಿ ಪಾಸ್ ಮಾಡಿಸಿ ಇಟ್ಟಗೊಂಡ್ವಿ. ಈಗ ಹೇಳ್ರಿ, ಬರೇ ಗಾಡಿ ಅಂತ.

ಎರಡನೇ ಮಾತು, "ಹಳೇ ಗಾಡಿ, ಒಂದು ಗೀರು ಬಿದ್ರ ಏನಾಗ್ತೈತಿ?" ಹಳೇ ಗಾಡಿಗ ಹೆಚ್ಚು ಆಗ್ತೈತಿ. ಗೀರಿನ ಮ್ಯಾಲೆ ಉಗುರು ಎಳದು ನೋಡ್ರಿ. ಉಗುರು ಸಿಗಬೀಳಲಿಲ್ಲಾ ಅಂದ್ರ ಪಾಲಿಶ್‌ಗೆ ಹೋಗ್ತೈತಿ. ಸಿಗಬಿತ್ತು ಅಂದ್ರ ಬಣ್ಣ ಹರದೈತಿ. ಬಣ್ಣದ ಕೆಳಗ ಪ್ರೈಮರ್, ಅದರ ಕೆಳಗ ತಗಡು. ತಗಡು ಹೊರಗ ಬಿತ್ತು ಅಂದ್ರ ಒಂದು ಮಳಿಗಾಲದಾಗ ಜಂಗು ಹಿಡೀತೈತಿ, ಹಿಡದದ್ದು ಒಳಗೊಳಗ ಹರಡ್ತೈತಿ. ಸರಿ, ಬಣ್ಣ ಹೊಡಸೂಣು ಅಂದ್ರ, ಹದಿನೈದು ವರ್ಷ ಬಿಸಲಾಗ ನಿಂತ ಬಿಳೇ ಬಣ್ಣಕ್ಕೂ ಡಬ್ಬಿಯಿಂದ ಬಂದ ಬಿಳೇ ಬಣ್ಣಕ್ಕೂ ತಾಳ ಆಗೂದಿಲ್ಲ. ಹಳೇ ಧೋತರಕ್ಕ ಹೊಸಾ ತ್ಯಾಪಿ ಹಚ್ಚಿದಂಗ ಒಂದು ಬಾಗಲಾ ಅಷ್ಟ ಎದ್ದು ಕಾಣಸ್ತೈತಿ. ಇಷ್ಟೂ ಗುದ್ದಿಸಿಕೊಂಡವ್ರ ತಾಪತ್ರಯ.

ಮೂರನೇದು ಕೇಳಿದ್ರಂತೂ ನನಗ ಮೈ ಉರೀತೈತಿ. "ಅಲ್ಲೆ ಯಾಕ ನಿಲ್ಲಿಸಿದ್ರಿ?" ನಮ್ಮ ಕಾಂಪೌಂಡಿಗೆ ಒತ್ತಿ, ಯಾರ ಗೇಟಿಗೂ ಅಡ್ಡ ಆಗದಂಗ, ಲೈಟಿನ ಕಂಬದ ಬೆಳಕಿನ್ಯಾಗ ನಿಲ್ಲಿಸಿದ್ವಿ. ನಿಂತ ಗಾಡಿ ತಾನಾಗಿ ಎದ್ದು ಹೋಗಿ ಯಾರಿಗೂ ಬಡಿಯೂದಿಲ್ಲ. ಓಣ್ಯಾಗ ಒಬ್ಬೊಬ್ಬರು ಮನಿ ಮುಂದಿನ ಅರ್ಧ ರಸ್ತಾಕ್ಕ ಸಿಮೆಂಟ್ ಹಾಕಿ ಇಳಿಜಾರು ಮಾಡ್ಕೊಂಡಾರ, ಕುಂಡಿ ಇಟ್ಟಾರ, ಅದನ್ನ ಯಾರೂ ಕೇಳೂದಿಲ್ಲ. ಮಂದಿ ಗೇಟಿಗೆ ಅಡ್ಡ ನಿಲ್ಲಿಸೋ ಮೂರ್ಖರು ಅದಾರ, ಇಲ್ಲಾ ಅನ್ನೂದಿಲ್ಲ. ಅಂಥವ್ರಿಗೆ ಬೆಲ್ ಬಾರಸಿ ನಾಲ್ಕು ಮಾತು ಅನ್ರಿ, ನಾನೂ ಬರ್ತೀನಿ. ಆದ್ರ ಕೆಡವಿದವ್ರನ್ನ ಬಿಟ್ಟು ಕೆಡವಿಸಿಕೊಂಡವ್ರನ್ನ ವಿಚಾರಣಿ ಮಾಡೋ ಈ ಚಾಳಿ ನಮಗ ಹೆಣ್ಣಮಕ್ಕಳಿಗೆ ಹೊಸಾದೇನಲ್ಲ. "ಆ ಹೊತ್ತಿನ್ಯಾಗ ಅಲ್ಲಿ ಯಾಕ ಹೋಗಿದ್ದಿ" ಅಂತ ಸಣ್ಣಾಕಿ ಇದ್ದಾಗಿಂದ ಕೇಳಿಸ್ಕೊಂಡ ಬಂದೀವಿ. ಈಗ ನಾವ ಅದನ್ನ ಮತ್ತೊಬ್ಬರಿಗೆ ಕೇಳಾಕತ್ತೀವಿ.

ಇನ್ನ ತಿಳದವ್ರು ಒಬ್ಬರು ಇರ್ತಾರ. "ಇನ್ಶೂರೆನ್ಸ್ ಇರ್ತೈತೆಲ್ಲಾ, ನಿಮಗೇನು ಖರ್ಚು?" ಈ ಮಾತು ಎಷ್ಟು ಖರೇ ಅಂತ ನೋಡೂಣು, ಯಾಕಂದ್ರ ನಮ್ಮ ಹೆಣ್ಣಮಕ್ಕಳು ಆ ಕಾಗದ ತಗದು ಓದೂದಿಲ್ಲ, ಗಂಡಸರ ಕಪಾಟಿನ್ಯಾಗ ಇರ್ತೈತಿ. ಕಾಯ್ದೆ ಪ್ರಕಾರ ಇರಲೇಬೇಕಾದದ್ದು ಥರ್ಡ್ ಪಾರ್ಟಿ ವಿಮಾ. ಅದು ನಮ್ಮ ಗಾಡಿಯಿಂದ ಮತ್ತೊಬ್ಬರಿಗೆ ಆದ ನಷ್ಟಕ್ಕ. ನಮ್ಮ ಗಾಡಿ ನೆಗ್ಗಿದ್ರ ಅದರಿಂದ ಒಂದು ರೂಪಾಯಿ ಬರೂದಿಲ್ಲ. ಹಳೇ ಗಾಡಿಗೆ ಭಾಳ ಮಂದಿ ಅಷ್ಟ ಮಾಡಿಸಿರ್ತಾರ, ನಮ್ಮದೂ ಹಂಗ. ಪೂರಾ ವಿಮಾ ಇದ್ದವ್ರಿಗರ ಪುಕ್ಕಟ ಏನು? 1500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿನ್ಯಾಗ ಮೊದಲನೇ 1,000 ರೂಪಾಯಿ ನಮ್ಮದ, ಅದಕ್ಕೂ ದೊಡ್ಡ ಗಾಡಿಗೆ 2,000. ಬಂಪರ್ ಪ್ಲಾಸ್ಟಿಕ್ಕಿನದು, ಸಾದಾ ಪಾಲಿಸಿ ಇದ್ರ ಅದರ ಕಿಮ್ಮತ್ತಿನ ಅರ್ಧಾ ನಾವು ಹಾಕ್ಬೇಕು. ಮ್ಯಾಲೆ ನೋ ಕ್ಲೇಮ್ ಬೋನಸ್ ಅಂತ ಒಂದು ಇರ್ತೈತಿ. ವರ್ಷಪೂರ್ತಿ ಕ್ಲೇಮ್ ಮಾಡಲಿಲ್ಲಾ ಅಂದ್ರ ಮುಂದಿನ ಕಂತಿನ್ಯಾಗ ನೂರಕ್ಕ 20 ಸೋಡಿ, ಆಮ್ಯಾಲೆ 25, 35, 45, ಐದು ವರ್ಷಕ್ಕ 50. ಯಾರೋ ಗುದ್ದಿ ಹೋದದ್ದಕ್ಕ ನಾವು ಒಂದು ಕ್ಲೇಮ್ ಹಾಕಿದ್ವಿ ಅಂದ್ರ ಅದು ಸೊನ್ನಿಗೆ ಬರ್ತೈತಿ. ಐದು ವರ್ಷ ಜ್ವಾಕಿ ಮಾಡಿ ಗಾಡಿ ಹೊಡದವ್ರ ಗಳಿಕಿ, ರಿವರ್ಸ್ ತಗೊಳ್ಳುವಾಗ ಹಿಂದ ನೋಡದ ಇದ್ದವ್ರು ಒಂದು ನಿಮಿಷದಾಗ ತಿಂದು ಹೋದಂಗ.

ಕಲ್ಯಾಣಮಂಟಪದ ಬೋರ್ಡೂ ಅಷ್ಟ. "ವಾಹನಗಳಿಗೆ ಮಾಲೀಕರೇ ಜವಾಬ್ದಾರರು." ಬೋರ್ಡ್ ಹಾಕಿದ ಕೂಡಲೇ ಜವಾಬ್ದಾರಿ ಮುಗೀತು ಅಂತ ಅವ್ರೂ ತಿಳಕೊಂಡಾರ, ನಾವೂ ನಂಬೀವಿ. 2019ರಾಗ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟೈತಿ. ದಿಲ್ಲಿಯ ತಾಜ್ ಮಹಲ್ ಹೋಟೆಲಿನ್ಯಾಗ 1998ರಾಗ ಒಬ್ಬರು ತಮ್ಮ ಮಾರುತಿ ಝೆನ್ ಕೀಲಿ ಹೋಟೆಲ್ ಹುಡುಗನ ಕೈಯಾಗ ಕೊಟ್ಟು ಒಳಗ ಹೋಗಿದ್ರು, ಗಾಡಿ ಕಳುವಾತು. ಚೀಟಿ ಮ್ಯಾಲೆ "ಮಾಲೀಕರದೇ ಹೊಣೆ" ಅಂತ ಛಾಪಿಸೀವಿ ಅಂದ್ರ, ತಮ್ಮ ಅಲಕ್ಷ್ಯದಿಂದ ಆದದ್ದನ್ನ ಅಷ್ಟರಿಂದ ಝಾಡಿಸಿಕೊಳ್ಳಾಕ ಬರೂದಿಲ್ಲ ಅಂತ ಕೋರ್ಟ್ ಹೇಳಿತು. ನಾವ ನಿಲ್ಲಿಸಿ ಕೀಲಿ ನಮ್ಮ ಪರ್ಸಿನ್ಯಾಗ ಇಟ್ಟಗೊಂಡ್ರ ಮಾತು ಬ್ಯಾರೆ. ಕೀಲಿ ಕೊಟ್ಟಿದ್ರ ಮಾತ್ರ ಬೋರ್ಡ್ ನೋಡಿ ಹೆದರಬ್ಯಾಡ್ರಿ, ಚೀಟಿ ಹರದು ಒಗೀಬ್ಯಾಡ್ರಿ.

ಈಗ ಖರೇ ಮಾತಿಗೆ ಬರ್ತೀನಿ. ಹೋದ ತಿಂಗಳು ನಮ್ಮ ಗಾಡಿ ಎಡಗಡೆ ಹಿಂದಿನ ಬಾಗಲಾ ಒಳಗ ಹೋಗಿತ್ತು. ಮುಂಜಾನೆ ಆರೂವರಿಗೆ ರಂಗೋಲಿ ಹಾಕಾಕ ಹೊರಗ ಬಂದಾಗ ನೋಡಿದೆ. ಗೇಣಿಗಿಂತ ಹೆಚ್ಚು ಅಗಲ ನೆಗ್ಗಿತ್ತು. ಐದು ನಿಮಿಷದಾಗ ಓಣಿ ಮಂದಿ ಕೂಡಿದ್ರು. ಕೂಡಿದವ್ರೆಲ್ಲಾ ಆ ಕ್ಷಣಕ್ಕ ತೀರ್ಪು ಕೊಟ್ಟ್ರು, ಹಾಲು ಹಾಕೋ ಹುಡುಗಂದ ಕೆಲಸ ಅಂತ. ಯಾಕಂದ್ರ ಅಂವ ಸೈಕಲ್ ಮ್ಯಾಲೆ ಬರ್ತಾನ, ಎರಡೂ ಕಡೆ ಹಾಲಿನ ಪಾಕೀಟಿನ ಚೀಲ ಜೋತಾಡ್ತಿರ್ತಾವ, ಮತ್ತ ಅಂವ ಬಡವರ ಹುಡುಗ. ಪಿಯುಸಿ ಮೊದಲನೇ ವರ್ಷ ಓದಾಕತ್ತಾನ. "ಇಲ್ರಿ, ನಾ ಅಲ್ರಿ" ಅನ್ನೂದರಾಗ ಒಬ್ಬರು ಅವನ ಕಪಾಳಕ್ಕ ಕೊಟ್ಟ ಬಿಟ್ಟ್ರು. ಇನ್ನೊಬ್ಬರು "ಪಗಾರದಾಗ ಹಿಡೀರಿ" ಅಂದ್ರು. ಮತ್ತೊಬ್ಬರು ಅವನ ಸೈಕಲ್ ಕಸಗೊಂಡು ಗೇಟಿನ ಒಳಗ ಹಚ್ಚಿದ್ರು.

ಗಮನಿಸ್ರಿ, ಆವಾಗ ಯಾರೂ "ಹೋಗ್ಲಿ ಬಿಡ್ರಿ" ಅನ್ನಲಿಲ್ಲ.

ನಾನು ಕೈ ಅಡ್ಡ ಹಿಡದು, ತಡೀರಿ ಅಂದೆ. ಬಾಗ್ಲಾದ ನೆಗ್ಗು ನೆಲದಿಂದ ಒಂದೂವರಿ ಫೂಟಿನ ಎತ್ತರದಾಗ ಐತಿ, ಸೈಕಲ್ ಹ್ಯಾಂಡಲ್ ನನ್ನ ಸೊಂಟಕ್ಕ ಬರ್ತೈತಿ. ಹಾಲಿನ ಚೀಲ ಬಡದ್ರ ತಗಡು ಅಷ್ಟು ಒಳಗ ಹೋಗೂದಿಲ್ಲ, ಪಾಕೀಟು ಒಡೀತಾವ. ಮ್ಯಾಲೆ ನೆಗ್ಗಿದಲ್ಲೆ ಕಡು ನೀಲಿ ಬಣ್ಣ ಹತ್ತಿತ್ತು. ಅವನ ಸೈಕಲ್ ಕರೇದು. ಇಷ್ಟು ನೋಡಾಕ ಡಿಗ್ರಿ ಬೇಕೇನ್ರಿ? ನನ್ನದೂ ಪಿಯುಸಿ ತನಕ ಆದದ್ದು. ಎದುರು ಮನಿ ವೈನಿ ತಮ್ಮ ಕ್ಯಾಮೆರಾ ತೋರಿಸಿದ್ರು. ಹಿಂದಿನ ರಾತ್ರಿ ಹತ್ತೂ ನಲವತ್ತಕ್ಕ ಒಂದು ದೊಡ್ಡ ನೀಲಿ ಗಾಡಿ ರಿವರ್ಸ್ ಬಂತು, ಗುದ್ದಿತು, ನಿಂತಿತು. ಯಜಮಾನ್ರು ಇಳದ್ರು. ಮೊಬೈಲ್ ಬ್ಯಾಟರಿ ಹಚ್ಚಿ ಮೊದಲ ತಮ್ಮ ಗಾಡಿ ನೋಡಿಕೊಂಡ್ರು. ಆಮ್ಯಾಲೆ ನಮ್ಮ ಬಾಗಲಾ ನೋಡಿದ್ರು, ಕೈಲೆ ಒಂದು ಸಲ ಒರಸಿದ್ರು. ಮುಂದಿನ ಸೀಟಿನ್ಯಾಗ ಅವ್ರ ಮನಿಯವ್ರು ಕಾಚು ಇಳಿಸಿ ಓಣಿ ಆ ತುದಿ ಈ ತುದಿ ನೋಡಿದ್ರು. ಬಂದು ಹತ್ತಿದ್ರು, ಹೋದ್ರು. ಹೆಸರು ಬರಿಯೂದಿಲ್ಲ. ಗಣಪತಿ ಪಟ್ಟಿ ಎತ್ತುವಾಗ ಮೊದಲ ಯಾರ ಮನಿಗೆ ಹೋಗ್ತೀವಿ, ಅಂಥಾ ಮನಿಯವ್ರು ಅನ್ರಿ.

ಕ್ಯಾಮೆರಾ ನೋಡಿ ಮುಗಿದ ಮ್ಯಾಲೆ, ಅದ ಮಂದಿ, ಅದ ಕಟ್ಟಿ ಮ್ಯಾಲೆ ನಿಂತು ಏನಂದ್ರು ಗೊತ್ತೇನು? "ಹೋಗ್ಲಿ ಬಿಡ್ರಿ. ದೊಡ್ಡವ್ರು. ರಾತ್ರಿ ಕತ್ತಲಾಗ ಕಂಡಿರಾಕಿಲ್ಲ. ಒಂದ ಓಣ್ಯಾಗ ಇರೂದು, ಯಾಕ ಮನಸ್ಸು ಕೆಡಸ್ಕೊಳ್ಳೂದು?" ಕಪಾಳಕ್ಕ ಕೊಟ್ಟವ್ರು ಮೊದಲ ಅಂದ್ರು.

ಇದ ನನ್ನ ಜಗಳ. "ಹೋಗ್ಲಿ ಬಿಡ್ರಿ" ಅನ್ನೂದು ಎಲ್ಲಾರಿಗೂ ಸಮ ಹಂಚೋ ಪ್ರಸಾದ ಆಗಿದ್ರ ನಾನೂ ಕೈ ಒಡ್ಡತಿದ್ದೆ. ಅದು ಗಾಡಿ ನೋಡಿ, ಮನಿ ನೋಡಿ, ಮೈ ಮ್ಯಾಲಿನ ಬಂಗಾರ ನೋಡಿ ಕೊಡೋ ಮಾಫಿ. ಆ ಬಾಗಲಾ ರಿಪೇರಿಗೆ 6,800 ರೂಪಾಯಿ ಆತು, ತಗಡು ಎತ್ತಿ, ಪುಟ್ಟಿ ಹಚ್ಚಿ, ಬಣ್ಣ ಹೊಡಸೂದಕ್ಕ. ಹಾಲಿನ ಹುಡುಗನ ಪಗಾರ ತಿಂಗಳಿಗೆ 2,500. ಎರಡೂವರಿ ತಿಂಗಳಕಿಂತ ಹೆಚ್ಚಿನ ದುಡಿಮಿ ಆ ಹುಡುಗನಿಂದ ಕಸಗೋಬಹುದು ಅಂತ ನಮ್ಮ ಓಣಿಗೆ ಅನಸ್ತು. ಅಷ್ಟ ರೊಕ್ಕ ದೊಡ್ಡ ಮನಿಯವ್ರಿಗೆ ಕೇಳಾಕ ನಾಚಿಕಿ ಬಂತು. ಗುದ್ದಿದವ್ರು ರಾತ್ರೀನ ಬೆಲ್ ಬಾರಿಸಿದ್ರ, ಇಲ್ಲಾ ಮುಂಜಾನೆ ಗದ್ದಲ ಕೇಳಿ ಗೇಟು ತಗದು ಹೊರಗ ಬಂದಿದ್ರ, ಆ ಹುಡುಗನ ಕೆನ್ನಿ ಉಳೀತಿತ್ತು. ಅವ್ರ ಮನಿ ಗದ್ದಲ ಕೇಳದಷ್ಟು ದೂರ ಇಲ್ಲ, ನಾಲ್ಕನೇದು. ಸುಮ್ಮನ ಇರೂದಂದ್ರ ಯಾರಿಗೂ ಏನೂ ಆಗದಂಗ ಇರೂದು ಅಂತ ತಿಳೀಬ್ಯಾಡ್ರಿ. ದೊಡ್ಡವ್ರು ಸುಮ್ಮನಿದ್ರ ಆ ತಪ್ಪು ಹಾಲಿನವನ ಮ್ಯಾಲೆ, ಪೇಪರಿನವನ ಮ್ಯಾಲೆ, ಕಸ ಗುಡಿಸೋ ಬಾಯಿ ಮ್ಯಾಲೆ, ವಾಚ್‌ಮನ್ ಮ್ಯಾಲೆ ಹೋಗಿ ಕುಂದರ್ತೈತಿ.

ಕಾಯ್ದೇನೂ ಹೋಗ್ಲಿ ಬಿಡ್ರಿ ಅನ್ನೂದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಬರೇ ಮನಷ್ಯಾರಿಗೆ ಪೆಟ್ಟಾದಾಗಷ್ಟ ಅಲ್ಲ, ಮತ್ತೊಬ್ಬರ ಸ್ವತ್ತಿಗೆ ನಷ್ಟ ಆದ್ರೂ ಗಾಡಿ ಹೊಡಿಯೋವ್ರು 24 ತಾಸಿನೊಳಗ ಸಮೀಪದ ಪೊಲೀಸ್ ಠಾಣೆಗೆ ತಿಳಿಸ್ಬೇಕು ಅಂತೈತಿ. ತಿಳಿಸದ ಇದ್ರ 187ನೇ ಕಲಮಿನ್ಯಾಗ ಶಿಕ್ಷಾ ಐತಿ. ಮತ್ಸರಕ್ಕ ಕೀಲಿಲೆ ಗೀರಿ ಹೋಗೋ ಮಹಾಶಯರಿಗೆ ಬ್ಯಾರೇನ ಐತಿ, ಬೇಕಂತ ಮಂದಿ ಸ್ವತ್ತು ಕೆಡಸಿದ್ರ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮು. ಒಂದು ಬಾಗ್ಲಾದ ಸಂಬಂಧ ಎಲ್ಲಾರೂ ಠಾಣೆಗೆ ಓಡ್ರಿ ಅಂತ ನಾನು ಹೇಳಾಕತ್ತಿಲ್ಲ. ಗುದ್ದಿದವ್ರ ಥರ್ಡ್ ಪಾರ್ಟಿ ವಿಮಾದಾಗ ಮಂದಿ ಸ್ವತ್ತಿನ ನಷ್ಟಕ್ಕ ಸಾಮಾನ್ಯವಾಗಿ ಏಳೂವರಿ ಲಕ್ಷದ ತನಕ ಅವಕಾಶ ಇರ್ತೈತಿ, ಆದ್ರ ಅದನ್ನ ತಗೋಬೇಕು ಅಂದ್ರ ಟ್ರಿಬ್ಯೂನಲ್‌ಗೆ ಅಡ್ಡಾಡಬೇಕು. 6,800ಕ್ಕ ಯಾರು ಅಡ್ಡಾಡ್ತಾರ? ಇಂಥಾವು ಬಾಗ್ಲಾಗ ನಿಂತು, ಮುಖ ನೋಡಿ, ಮುಗಿಸ್ಕೊಳ್ಳೋ ವ್ಯವಹಾರ. ಮುಖಾನ ತೋರಿಸದ ಹೋದ್ರ ಹೆಂಗ?

"ಹೇಳಾಕ ಹೋದ್ರ ಹೊಡ್ಯಾಕ ಬರ್ತಾರ್ರಿ" ಅಂತ ನನ್ನ ಮೈದುನ ವಾದ ಮಾಡಿದ. ಇದರಾಗ ಸತ್ಯ ಐತಿ, ಒಪ್ತೀನಿ. ಒಂದು ಗೀರಿಗೆ ಕಾಲರ್ ಹಿಡಿಯೋವ್ರು, ಅವ್ವ ಅಪ್ಪನ್ನ ತಗದು ಬೈಯೋವ್ರು, ಸಣ್ಣ ಹುಡುಗನ ಕ್ರಿಕೆಟ್ ಚೆಂಡಿಗೆ ಸಾವಿರಗಟ್ಲೆ ಕೇಳೋವ್ರು ಅದಾರ. ಇಂಥವ್ರ ಸಂಬಂಧ ಒಳ್ಳೇವ್ರೂ ಓಡಿ ಹೋಗ್ತಾರ. ಹಿಂಗಾಗಿ ಗಾಡಿ ಇದ್ದವ್ರಿಗೂ ಒಂದು ಮಾತು. ತಾನಾಗಿ ಬಂದು ಹೇಳಿದವ್ರ ಮುಂದ ದನಿ ಏರಿಸಬ್ಯಾಡ್ರಿ. ಒಳಗ ಕರೀರಿ, ನೀರು ಕೊಡ್ರಿ, ಫೋಟೋ ತಗೊಳ್ರಿ, ಗ್ಯಾರೇಜಿನವ ಹೇಳಿದ ರೇಟಿಗಿಂತ ಒಂದು ಪೈಸೆ ಹೆಚ್ಚು ಕೇಳಬ್ಯಾಡ್ರಿ. ಮೈದುನಗೂ ಇದನ್ನ ಹೇಳಿದೆ. ಆದ್ರ ನಮ್ಮನ್ನ ಇಪ್ಪತ್ತು ವರ್ಷ ನೋಡಿದ ಓಣ್ಯಾವ್ರಿಗೆ ನಾವು ಹೊಡೀತೀವಿ ಅಂತ ಭಯಾ ಇತ್ತೇನು? ಪ್ರತಿ ವರ್ಷ ಪಂಚಮಿ ಉಂಡಿ ಅವ್ರ ಮನಿಗೆ ಕೊಟ್ಟು ಬರಾಕಿ ನಾನ. ಮನಿ ಗೊತ್ತಾಗದ ಜಾಗಾದಾಗ ಆದ್ರೂ ನೆಪ ಇಲ್ಲ, ಒಂದು ಚೀಟಿ ಬರದು ವೈಪರ್ ಕೆಳಗ ಸಿಗಿಸಾಕ ಎಷ್ಟು ಹೊತ್ತು ಬೇಕು? ಫೋನ್ ನಂಬರು, ಆದದ್ದೇನು, ಎರಡ ಸಾಲು. ಪೆನ್ನು ಇರಲಿಲ್ಲಾ ಅಂದ್ರ ಕುಂಕುಮದ ಪೆನ್ಸಿಲಿಲೆ ಬರೀರಿ, ಪರ್ಸಿನ್ಯಾಗ ಇರ್ತೈತೆಲ್ಲಾ.

ಪರ್ಸಿನ ಮಾತು ಯಾಕ ತಗದೆ ಅಂದ್ರ, ಪಕ್ಕದ ಸೀಟಿನ್ಯಾಗ ಕುಂದ್ರಾಕಿ ಬಹಳ ಸಲ ನಾವ ಇರ್ತೀವಿ. ಗುದ್ದಿದ ಸಪ್ಪಳ ನಮಗೂ ಕೇಳಸ್ತೈತಿ. "ನಡೀರಿ ನಡೀರಿ, ಯಾರೂ ನೋಡಿಲ್ಲ" ಅಂತ ಅನ್ನೂದೂ ನಾವ. ಹಿಂದಿನ ಸೀಟಿನ್ಯಾಗ ಹುಡುಗ್ರು ಕಣ್ಣು ಬಿಟ್ಟು ಕುಂತಿರ್ತಾವ. ಆಯುಧ ಪೂಜಾ ದಿನ ಗಾಡಿಗೆ ಚೆಂಡು ಹೂವಿನ ಮಾಲಿ ಹಾಕಿ, ಗಾಲಿ ಕೆಳಗ ನಿಂಬಿಹಣ್ಣು ಇಟ್ಟು, ಕುಂಬಳಕಾಯಿ ಒಡದು, ಕೈ ಮುಗದು ನಿಂದ್ರೋವ್ರೂ ನಾವ. ಯಾರೂ ನೋಡಿಲ್ಲಾ ಅನ್ನೂದರ ಬದಲಿ "ಇಳೀರಿ, ಹೇಳಿ ಬರೂಣು, ನಾನೂ ಬರ್ತೀನಿ" ಅಂದ್ರ ಯಾವ ಗಂಡ ಇಳಿಯೂದಿಲ್ಲ ನೋಡೂಣು. ನಾವು ರಸ್ತಾದಾಗ ಬಂಡಿಯವನ ಜೊತಿ ಐದು ರೂಪಾಯಿ ಕೊತಂಬ್ರಿಗೆ ಗಂಡನ್ನ ನಿಲ್ಲಿಸಿ ವಾದ ಮಾಡೋವ್ರು, ಇದಕ್ಕ ಬಾಯಿ ಯಾಕ ಬರೂದಿಲ್ಲ?

ಆ ಮನಿ ಅಕ್ಕಾರು ಇದನ್ನ ಓದ್ತಾರ, ನನಗ ಗೊತ್ತೈತಿ. ಹುರಕ್ಕಿ ಹೋಳಿಗಿ ಬರದಾಗ ಅವ್ರ ಫೋನ್ ಮೊದಲ ಬಂದಿತ್ತು. ಅಕ್ಕಾರ, ಗ್ಯಾರೇಜಿನ ಚೀಟಿ ನನ್ನ ಹಂತ್ಯಾಕ ಐತಿ, ರೊಕ್ಕಾ ಬ್ಯಾಡ ಅಂತ ದೊಡ್ಡಸ್ತಿಕಿ ತೋರಸಾಕಿ ನಾನಲ್ಲ, 6,800 ಬೇಕು. ಅದು ಈ ತಿಂಗಳಾದ್ರೂ ನಡೀತೈತಿ, ಮುಂದಿನ ತಿಂಗಳಾದ್ರೂ ನಡೀತೈತಿ. ಆದ್ರ ಆ ಹುಡುಗ ನಾಳೆ ಮುಂಜಾನೆ ಆರಕ್ಕ ನಿಮ್ಮ ಗೇಟಿಗೂ ಹಾಲಿನ ಚೀಲ ಸಿಗಿಸಾಕ ಬರ್ತಾನ. ನಮ್ಮ ಗಾಡಿ ದಾಟಿ ಹೋಗುವಾಗ ಈಗ ಸೈಕಲ್‌ದಿಂದ ಇಳದು, ದಬ್ಬಿಕೊಂಡು, ಆ ಕಡೆ ಗಟಾರದ ದಂಡಿ ಹಿಡದು ಹೋಗ್ತಾನ. ಅವನಿಗೆ ನೀವ ಹೊರಗ ಬಂದು ಹೇಳ್ರಿ, ನಾಲ್ಕು ಮಂದಿಗೆ ಕೇಳೂವಂಗ. ಕಪಾಳಕ್ಕ ಕೊಟ್ಟವ್ರನ್ನ ಕರಕೊಂಡು ಬರೂದು ನನ್ನ ಕೆಲಸ.